ಮನೆಯ ಕಾರು: ಹೇರುವುದು, ನಡೆಸುವುದು, ನಿಲ್ಲಿಸುವುದು

ಮಹಾನವಮಿಯ ದಿನ ನಮ್ಮ ನಾಡಿನ ಮನೆಗಳಲ್ಲಿ ಕತ್ತಿ, ಕುಡುಗೋಲು, ಈಳಿಗೆಮಣೆಗಳೊಡನೆ ಕಾರಿಗೂ ಪೂಜೆ ಸಲ್ಲುತ್ತದೆ. ಮುಂಭಾಗದಲ್ಲಿ ಬಾಳೆಯ ಕಂದು, ಗಾಲಿಗಳ ಕೆಳಗೆ ನಿಂಬೆಹಣ್ಣು, ಮೇಲೆ ಸೇವಂತಿಗೆಯ ಮಾಲೆ. ಕಾರನ್ನು ಆಭರಣಗಳ ಸಾಲಿನಲ್ಲಿಡದೆ ಆಯುಧಗಳ ಸಾಲಿನಲ್ಲಿಟ್ಟಿರುವ ಈ ಆಚಾರದಲ್ಲಿ ದೊಡ್ಡ ವಿವೇಕವೊಂದು ಅಡಗಿದೆಯೆಂದು ನಮಗೆ ತೋರುತ್ತದೆ. ಈಳಿಗೆಮಣೆಯನ್ನು ಕೆಲಸ ಮುಗಿದೊಡನೆ ಮಡಚಿ ಮಗುವಿನ ಕೈಗೆಟುಕದಂತೆ ಇಡಬೇಕೆಂಬುದನ್ನು ಯಾವ ಗೃಹಿಣಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಂಟುಹತ್ತು ಕ್ವಿಂಟಲಿಗೂ ಮೀರಿ ತೂಗುವ ಈ ಹೊಸ ಆಯುಧದ ವಿಷಯದಲ್ಲಿ ಅಂತಹ ಮನೆಯ ಶಿಕ್ಷಣ ಇನ್ನೂ ಬೆಳೆದಿಲ್ಲ. “ಅದು ಓಡಿಸುವವರ ಕೆಲಸ, ನಮಗೇನು ತಿಳಿದೀತು?” ಎಂದು ಉಳಿದವರು ಸುಮ್ಮನಿರುವುದೇ ವಾಡಿಕೆಯಾಗಿದೆ. ಕಾರಿನೊಳಗೆ ಕುಳಿತವರೆಲ್ಲರೂ ಆ ಕ್ಷೇಮಕ್ಕೆ ಪಾಲುಗಾರರೆಂಬುದನ್ನು ಈ ತಿಂಗಳು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಮೋಟಾರಿನ ವಿಷಯದಲ್ಲಿ ಗೃಹಿಣಿಗೇನು ಕೆಲಸವೆಂದು ಕೇಳುವವರಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಮೋಟಾರು ಬಂಡಿಯಲ್ಲಿ ಮೊದಲ ದೂರಪ್ರಯಾಣ ಮಾಡಿದವಳು ಒಬ್ಬ ತಾಯಿ. 1888ರ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ, ತನ್ನ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಗಾಲಿಯ ಬಂಡಿಯಲ್ಲಿ ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಸುಮಾರು 100 ಕಿಲೋಮೀಟರ್ ಪ್ರಯಾಣ ಮಾಡಿದಳು. ಏರುಗಳಲ್ಲಿ ಬಂಡಿಯನ್ನು ತಳ್ಳಬೇಕಾಯಿತು. ಇಳಿಜಾರುಗಳಲ್ಲಿ ಬ್ರೇಕಿನ ಕಟ್ಟೆಗಳು ಸವೆದುವು. ಆಕೆ ಎದೆಗುಂದದೆ, ದಾರಿಯ ಊರೊಂದರಲ್ಲಿ ಪಾದರಕ್ಷೆ ಹೊಲಿಯುವವನಿಂದ ಅವಕ್ಕೆ ತೊಗಲು ಹೊಡೆಸಿಕೊಂಡು ಮುಂದುವರಿದಳು. ಹೊರಡುವುದಕ್ಕಿಂತ ನಿಲ್ಲಿಸುವುದೇ ಕಠಿಣವೆಂಬ ಪಾಠ ಆ ಮೊದಲನೆಯ ಪ್ರಯಾಣದಲ್ಲಿಯೇ ದೊರೆಯಿತು. ಇಂದಿಗೂ ಕಾರಿನ ಕ್ಷೇಮವೆಲ್ಲ ನಿಲ್ಲುವ ವಿಷಯವನ್ನೇ ಅವಲಂಬಿಸಿದೆ.

ಬಂಡಿ ನಿಂತಾಗ ಬಂಡಿಯೊಳಗಿನದು ತಾನಾಗಿ ನಿಲ್ಲುವುದಿಲ್ಲ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರೆಲ್ಲರೂ ಇದನ್ನು ಬಲ್ಲರು. ಚಾಲಕನು ಒಮ್ಮೆಲೇ ಬ್ರೇಕು ಒತ್ತಿದರೆ ಹಿಂದಿನವರೆಲ್ಲ ಮುಂದಿನವರ ಮೇಲೆ ಮುಗ್ಗರಿಸುತ್ತಾರೆ. ಕಾರಿನಲ್ಲಿಯೂ ಹಾಗೆಯೇ. ಗಂಟೆಗೆ 50 ಕಿಲೋಮೀಟರ್ ವೇಗದಿಂದ ಹೋಗುತ್ತಿರುವ ಕಾರು ಮರಕ್ಕೆ ಅಪ್ಪಳಿಸಿ ನಿಂತರೆ, ಬೆಲ್ಟು ಕಟ್ಟಿಕೊಳ್ಳದೆ ಕುಳಿತವರು ಅದೇ 50 ಕಿಲೋಮೀಟರ್ ವೇಗದಿಂದ ಮುಂದಕ್ಕೆ ಚಿಮ್ಮುತ್ತಾರೆ. ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರನೆಯ ಅಂತಸ್ತಿನ ತಾರಸಿಯಿಂದ ಕೆಳಕ್ಕೆ ಬಿದ್ದವನು ನೆಲವನ್ನು ಮುಟ್ಟುವುದೂ ಆ ವೇಗದಲ್ಲಿಯೇ. ತಾರಸಿಗೆ ಕಟಾಂಜನವಿಲ್ಲದಿದ್ದರೆ ಮಕ್ಕಳನ್ನು ಮೇಲಕ್ಕೆ ಬಿಡದ ನಾವು, ಬೆಲ್ಟಿಲ್ಲದೆ ಅವರನ್ನು ಕಾರಿನಲ್ಲಿ ನಿಲ್ಲಿಸಿಕೊಂಡು ಹೋಗುವುದು ಯಾವ ನ್ಯಾಯ?

“ಮಗು ನನ್ನ ತೊಡೆಯ ಮೇಲಿದೆ, ಗಟ್ಟಿಯಾಗಿ ಅಪ್ಪಿಕೊಂಡಿದ್ದೇನೆ” ಎಂದು ತಾಯಂದಿರು ಹೇಳುವುದುಂಟು. ಆ ಅಪ್ಪುಗೆಯ ವಾತ್ಸಲ್ಯವನ್ನು ನಾವು ಗೌರವಿಸುತ್ತೇವೆ. ಆದರೆ ಲೆಕ್ಕವನ್ನು ಮರೆಮಾಚಲಾರೆವು. ಮೇಲೆ ಹೇಳಿದ ವೇಗದಲ್ಲಿ ಕಾರು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತರೆ, 10 ಕಿಲೋಗ್ರಾಮಿನ ಮಗು ಆ ಕ್ಷಣದಲ್ಲಿ ತಾಯಿಯ ತೋಳುಗಳನ್ನು ಸುಮಾರು 140 ಕಿಲೋಗ್ರಾಮಿನ ಭಾರದಿಂದ ಎಳೆಯುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೈ ಮನುಷ್ಯರಲ್ಲಿಲ್ಲ. ಮುಂದಿನ ಆಸನದಲ್ಲಿ ಕುಳಿತ ತಾಯಿಯೇ ಬೆಲ್ಟಿಲ್ಲದೆ ಮುಂದಕ್ಕೆ ಬಿದ್ದರೆ, ಆಕೆಯ ದೇಹಕ್ಕೂ ಬಂಡಿಗೂ ನಡುವೆ ಸಿಕ್ಕುವುದು ಆ ಮಗುವೇ. ಆದುದರಿಂದ ಶಿಶುಗಳಿಗೆ ಅವರ ವಯಸ್ಸಿಗೂ ತೂಕಕ್ಕೂ ತಕ್ಕ ಮಕ್ಕಳ ಆಸನವನ್ನು ಹಿಂಭಾಗದಲ್ಲಿ ಬಿಗಿಯಬೇಕು. ಹಿಂದಕ್ಕೆ ಮುಖಮಾಡಿ ಕೂರಿಸುವ ಶಿಶುವಿನ ಆಸನವನ್ನು ಗಾಳಿಚೀಲವಿರುವ ಮುಂದಿನ ಜಾಗದಲ್ಲಿ ಎಂದಿಗೂ ಇಡಕೂಡದು. ಚೀಲವು ಉಬ್ಬುವ ರಭಸವೇ ಶಿಶುವಿನ ಪ್ರಾಣಕ್ಕೆ ಮುಳುವಾದೀತು. ಸೀಮಂತಕ್ಕೆಂದೋ ಬಾಣಂತನಕ್ಕೆಂದೋ ತವರಿಗೆ ಹೊರಟ ಗರ್ಭಿಣಿಯರೂ ಬೆಲ್ಟನ್ನು ಬಿಡತಕ್ಕದ್ದಲ್ಲ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಎಲುಬಿನ ಮೇಲೆ, ಮೇಲಿನ ಪಟ್ಟಿ ಎದೆಯ ನಡುವೆ ಹಾದು ಹೋಗುವಂತೆ ಕಟ್ಟಿಕೊಂಡರೆ ಸರಿ.

ಹೆಗಲಿಗೂ ಸೊಂಟಕ್ಕೂ ಸೇರಿ ಹಾಯುವ ಇಂದಿನ ಬೆಲ್ಟನ್ನು 1959ರಲ್ಲಿ ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಲಿನ್ ಎಂಬುವರು ರೂಪಿಸಿದರು. ಆ ಕಂಪನಿ ಅದನ್ನು ಇತರ ತಯಾರಕರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟಿತು. ಇಷ್ಟು ಸುಲಭವಾದ ರಕ್ಷೆಯನ್ನು ನಮ್ಮವರು ಹಿಂದಿನ ಆಸನದಲ್ಲಿ ಮಾತ್ರ ಬೇಡವೆನ್ನುವುದೇಕೋ ತಿಳಿಯದು. 2022ರ ಸೆಪ್ಟೆಂಬರ್ 4ರಂದು ಮುಂಬಯಿಗೆ ಮರಳುತ್ತಿದ್ದ ಉದ್ಯಮಿ ಸೈರಸ್ ಮಿಸ್ತ್ರಿಯವರು ಪಾಲ್ಘರ್ ಜಿಲ್ಲೆಯಲ್ಲಿ ಕಾರಿನ ಅಪಘಾತದಲ್ಲಿ ತೀರಿಕೊಂಡರು. ಬಂಡಿ ಬೆಲೆಬಾಳುವುದೇ ಆಗಿತ್ತು. ಹಿಂದೆ ಕುಳಿತಿದ್ದ ಇಬ್ಬರೂ ಬೆಲ್ಟು ಕಟ್ಟಿರಲಿಲ್ಲವೆಂದು ಪೊಲೀಸರು ತಿಳಿಸಿದರು, ಆ ಇಬ್ಬರೂ ಉಳಿಯಲಿಲ್ಲ. ಕಾನೂನಿನ ಮಾತನ್ನೂ ಹೇಳಿಬಿಡುವೆವು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ, 14 ವರ್ಷ ತುಂಬದ ಮಗುವನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ಬಂಡಿ ನಡೆಸಿದವರಿಗೂ, ನಡೆಸಗೊಟ್ಟವರಿಗೂ 1,000 ರೂಪಾಯಿ ದಂಡ.

ಮನುಷ್ಯರಂತೆಯೇ ಸಾಮಾನುಗಳೂ ನಿಲ್ಲುವುದಿಲ್ಲ. ಊರಿನಿಂದ ಹಿಂದಿರುಗುವಾಗ ಅಕ್ಕಿಯ ಚೀಲ, ತೆಂಗಿನಕಾಯಿ, ಹಲಸಿನಹಣ್ಣು, ಉಪ್ಪಿನಕಾಯಿಯ ಭರಣಿ ಇವಿಲ್ಲದ ಕಾರು ನಮ್ಮಲ್ಲಿ ಅಪರೂಪ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲಿಟ್ಟ ತೆಂಗಿನಕಾಯಿ, ಬಂಡಿ ಅಪ್ಪಳಿಸಿದರೆ ಕವಣೆಯ ಕಲ್ಲಿನಂತೆ ಕುಳಿತವರ ತಲೆಯ ಹಿಂಭಾಗಕ್ಕೆ ಬರುತ್ತದೆ. ಭಾರವಾದುದನ್ನೆಲ್ಲ ಹಿಂಭಾಗದ ಡಿಕ್ಕಿಯ ತಳದಲ್ಲಿ, ಹಿಂದಿನ ಆಸನದ ಬೆನ್ನಿಗೆ ತಾಗಿಸಿ ಇಡಬೇಕು. ಹಗುರವಾದುದು ಅದರ ಮೇಲೆ ಬರಲಿ. ಭರಣಿಯು ಬಟ್ಟೆಗಳ ನಡುವೆ ಅಲುಗದಂತಿರಲಿ. ಹಿಂದಿನ ಗಾಜು ಮರೆಯಾಗುವಷ್ಟು ಎತ್ತರಕ್ಕೆ ಪೇರಿಸಬಾರದು. ನಡೆಸುವವರ ಕಾಲಬಳಿಯಲ್ಲಂತೂ ಏನನ್ನೂ ಇಡಕೂಡದು. ಉರುಳಿ ಬಂದ ನೀರಿನ ಬಾಟಲಿಯೊಂದು ಬ್ರೇಕಿನ ಕೆಳಗೆ ಸಿಕ್ಕಿಕೊಂಡರೆ, ಎಷ್ಟು ನುರಿತ ಕಾಲೂ ಬ್ರೇಕನ್ನು ಒತ್ತಲಾರದು.

ಮಾಡಿನ ಮೇಲಿನ ಕ್ಯಾರಿಯರ್ ಕಂಡೊಡನೆ ಅದು ಎಷ್ಟನ್ನಾದರೂ ಹೊರುವುದೆಂದು ಭಾವಿಸುವುದು ತಪ್ಪು. ಅದು ಹೊರಬಲ್ಲ ತೂಕವನ್ನು ಕಾರಿನ ಕೈಪಿಡಿಯಲ್ಲಿ ಮುದ್ರಿಸಿರುತ್ತಾರೆ. ಮೇಲೆ ಭಾರ ಹೆಚ್ಚಿದಷ್ಟೂ ಬಂಡಿ ತಿರುವುಗಳಲ್ಲಿ ಹೊರಕ್ಕೆ ವಾಲುತ್ತದೆ. ನೀರು ತುಂಬಿದ ಕೊಡವನ್ನು ಸೊಂಟದ ಮೇಲೆ ಹೊರುವುದಕ್ಕೂ ತಲೆಯ ಮೇಲೆ ಹೊರುವುದಕ್ಕೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಬಿದ ಕಾರಿಗೆ ಟೈರಿನ ಗಾಳಿ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಬಳಿ ಚೀಟಿಯಲ್ಲಿ ಬರೆದು ಅಂಟಿಸಿರುತ್ತಾರೆ. ಟೈರು ತಣ್ಣಗಿರುವಾಗಲೇ ಅದನ್ನು ನೋಡಿಸಿ, ಸ್ಟೆಪ್ನಿಯ ಗಾಳಿಯನ್ನೂ ಪರೀಕ್ಷಿಸಿ ಹೊರಡುವುದು ಲೇಸು.

ಇನ್ನು ನಡೆಸುವ ವಿಷಯ. ವೇಗವು ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡರಷ್ಟಲ್ಲದೆ ನಾಲ್ಕರಷ್ಟಾಗುತ್ತದೆ. ಅದಕ್ಕೆ ಮೊದಲು, ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿಯೇ ಒಂದು ಸೆಕೆಂಡು ಕಳೆಯಿತೆನ್ನೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ ಒಂದು ಸೆಕೆಂಡಿಗೆ ಬಂಡಿ 22 ಮೀಟರ್ ಮುಂದೆ ಹೋಗಿರುತ್ತದೆ. ಮಳೆ ಬಿದ್ದ ರಸ್ತೆಯಲ್ಲಿಯೂ, ತುಂಬಿದ ಬಂಡಿಯಲ್ಲಿಯೂ ಮುಂದಿನ ಬಂಡಿಯಿಂದ ಇನ್ನೂ ಹೆಚ್ಚು ಅಂತರ ಬೇಕು.

ಧರ್ಮಸ್ಥಳಕ್ಕೋ ಉಡುಪಿಗೋ ಸಂಸಾರಸಮೇತ ಹೊರಡುವ ನಮ್ಮ ವಾಚಕರಲ್ಲಿ ಅನೇಕರು ಚಾರ್ಮಾಡಿ, ಶಿರಾಡಿ, ಆಗುಂಬೆಯ ಘಾಟಿಗಳನ್ನು ಇಳಿಯುವವರೇ. ಆಗುಂಬೆಯಲ್ಲಂತೂ 14 ಹೇರ್‌ಪಿನ್ ತಿರುವುಗಳು ಒಂದರ ಹಿಂದೊಂದು ಬರುತ್ತವೆ. ಇಂತಹ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಇದ್ದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುತ್ತದೆ. ಯಾವ ಗೇರಿನಲ್ಲಿ ಏರಬೇಕಾಗುತ್ತಿತ್ತೋ ಆ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸತ್ಯ. ಆಗ ಎಂಜಿನ್ನೇ ಬಂಡಿಯನ್ನು ಹಿಡಿದೆಳೆಯುತ್ತದೆ. ಪೆಟ್ರೋಲು ಉಳಿಯಲೆಂದು ನ್ಯೂಟ್ರಲ್‌ನಲ್ಲಿ ಜಾರಿಸುವವರು ಅದನ್ನೂ ಉಳಿಸಲಾರರು. ಇಂದಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವೇ ತಡೆಯುತ್ತವೆ. ನ್ಯೂಟ್ರಲ್‌ನಲ್ಲಿಯಾದರೋ ಎಂಜಿನ್ ಉರಿಯುತ್ತಿರಲು ಇಂಧನ ಬೇಕೇ ಬೇಕು. ಎಂಜಿನ್ನನ್ನೇ ಆರಿಸಿದರೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟಿಯರಿಂಗ್ ಕೂಡ ಭಾರವಾಗುತ್ತದೆ. ಇಕ್ಕಟ್ಟಾದ ಘಾಟಿಯಲ್ಲಿ ಏರಿ ಬರುವ ಬಂಡಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಮಂಜು ಮುಸುಕಿದಾಗ ದೀಪವನ್ನು ತಗ್ಗಿಸಬೇಕು; ಎತ್ತರಿಸಿದ ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ಹಿಂದಿರುಗುತ್ತದೆ.

ನಿಲ್ಲಿಸಿದ ಬಂಡಿಯೂ ಆಯುಧವೇ. ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ, ಸೇತುವೆಯ ಮೇಲೆ, ಜಲಪಾತವನ್ನು ನೋಡುವ ಆಸೆಯಿಂದಾದರೂ ಸರಿಯೇ, ಬಂಡಿ ನಿಲ್ಲಿಸಕೂಡದು. ಇಳಿಜಾರಿನಲ್ಲಿ ನಿಲ್ಲಿಸಬೇಕಾದರೆ ಹ್ಯಾಂಡ್‌ಬ್ರೇಕ್ ಹಾಕುವುದಲ್ಲದೆ, ಮುಖ ಏರಿನ ಕಡೆಗಿದ್ದರೆ ಮೊದಲನೆಯ ಗೇರಿನಲ್ಲಿಯೂ, ಇಳಿತದ ಕಡೆಗಿದ್ದರೆ ರಿವರ್ಸ್ ಗೇರಿನಲ್ಲಿಯೂ ಬಿಡಬೇಕು. ಎಡಬದಿಗೆ ಕಲ್ಲಿನ ಅಂಚುಕಟ್ಟು ಇದ್ದರೆ, ಇಳಿತದಲ್ಲಿ ಮುಂದಿನ ಗಾಲಿಗಳನ್ನು ಅದರ ಕಡೆಗೂ, ಏರಿನಲ್ಲಿ ಅದರಿಂದ ಆಚೆಗೂ ತಿರುಗಿಸಿಡಬೇಕು. ಹೀಗೆ ಮಾಡಿದರೆ ಬಂಡಿ ಅಕಸ್ಮಾತ್ತಾಗಿ ಉರುಳಿದರೂ ಅಂಚಿಗೆ ತಾಗಿ ನಿಲ್ಲುತ್ತದೆ. ಗಾಲಿಗೆ ಕಲ್ಲು ಕೊಟ್ಟವರು ಹೊರಡುವಾಗ ಅದನ್ನು ಪಕ್ಕಕ್ಕೆ ಎತ್ತಿಡಲು ಮರೆಯಬಾರದು. ರಸ್ತೆಯಲ್ಲಿಯೇ ಬಿಟ್ಟ ಆ ಕಲ್ಲು ರಾತ್ರಿ ಬೈಕಿನಲ್ಲಿ ಬರುವವನಿಗೆ ಮೃತ್ಯುವಾಗುತ್ತದೆ. ಇಳಿಯುವಾಗ ರಸ್ತೆಯ ಕಡೆಯ ಬಾಗಿಲನ್ನು ದೂರದ ಕೈಯಿಂದ, ಎಂದರೆ ಬಲಗಡೆಯ ಬಾಗಿಲನ್ನು ಎಡಗೈಯಿಂದ ತೆರೆಯುವ ಅಭ್ಯಾಸ ಒಳ್ಳೆಯದು. ಹಾಗೆ ತೆರೆಯುವವರ ಮೈ ತಾನಾಗಿಯೇ ತಿರುಗಿ, ಹಿಂದಿನಿಂದ ಬರುವ ಸೈಕಲ್ಲು ಕಣ್ಣಿಗೆ ಬೀಳುತ್ತದೆ. ಮಕ್ಕಳನ್ನು ಎಡಬದಿಯಿಂದಲೇ ಇಳಿಸಬೇಕು.

ಮನೆಯ ಅಂಗಳವನ್ನು ನಿರ್ಭಯಸ್ಥಾನವೆಂದು ತಿಳಿಯುವುದು ಸಹಜ. ಆದರೆ ನಡೆಸುವವರಿಗೆ ಬಂಡಿಯ ಹಿಂಬದಿಯ ನೆಲ ಕಾಣುವುದಿಲ್ಲ. ಎರಡು ವರ್ಷದ ಮಗು ಹಿಂದಿನ ಗಾಜಿಗಿಂತ ಕುಳ್ಳು. ಚೆಂಡನ್ನು ಹುಡುಕುತ್ತ ಬಂದು ಕುಳಿತಿದ್ದರೆ ಕನ್ನಡಿಗೂ ಗೋಚರಿಸದು. ತಂದೆ ಹೊರಡುವ ಶಬ್ದ ಕೇಳಿ ಹೊರಗೆ ಓಡಿಬರುವ ಮಗುವೇ ಹೆಚ್ಚು ಅಪಾಯದಲ್ಲಿರುವುದು. ಹಿಂದಕ್ಕೆ ತೆಗೆಯುವ ಮೊದಲು ಬಂಡಿಯನ್ನು ಒಂದು ಸುತ್ತು ಬಳಸಿ ನೋಡಬೇಕು. ದೇವರಿಗೆ ಪ್ರದಕ್ಷಿಣೆ ಬರುವ ನಮ್ಮ ಜನಕ್ಕೆ ಇದು ಭಾರವಾಗಲಾರದು. ಮನೆಯಲ್ಲಿದ್ದವರು ಮಗುವನ್ನು ಎತ್ತಿಕೊಂಡು, ನಡೆಸುವವರಿಗೆ ಕಾಣುವಂತೆ ಒಂದೆಡೆ ನಿಲ್ಲಬೇಕು. ಆಯುಧಪೂಜೆಯ ದಿನ ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸುವಾಗ ಸುತ್ತ ನೆರೆಯುವ ಮಕ್ಕಳನ್ನೂ ಹೀಗೆಯೇ ಒಂದೆಡೆ ನಿಲ್ಲಿಸಬೇಕು. ಬಾಳೆಯ ಕಂದನ್ನೂ ಮಾಲೆಯನ್ನೂ ರಸ್ತೆಗಿಳಿಯುವ ಮೊದಲೇ ಬಿಚ್ಚಬೇಕು.

ಕೊನೆಯದಾಗಿ, ಮುಚ್ಚಿದ ಕಾರು. “ಐದು ನಿಮಿಷ, ಮಗು ಮಲಗಿದೆ” ಎಂದು ಅಂಗಡಿಗೆ ಹೋಗುವವರುಂಟು. 2005ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಪರಿಶೀಲನೆಯೊಂದರಲ್ಲಿ, ಹೊರಗೆ ಕೇವಲ 22 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಸುಮಾರು 47 ಡಿಗ್ರಿಯಾಗಬಹುದೆಂದು ಕಂಡುಬಂದಿತು. ಆ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಯಿತು. ಗಾಜನ್ನು ಸ್ವಲ್ಪ ಇಳಿಸಿಟ್ಟುದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ. ಬೆಂಗಳೂರಿನ ಹಿತವಾದ ಹವೆಯೂ ಇಲ್ಲಿ ರಕ್ಷೆಯಲ್ಲವೆಂದಾಯಿತು. ರಾಯಚೂರು ಕಲಬುರಗಿಗಳ ಬೇಸಗೆಯ ಮಾತೇಕೆ? ಮಗುವನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಮನೆಯಲ್ಲಿ ನಿಂತ ಕಾರಿಗೂ ಬೀಗ ಹಾಕಿ, ಬೀಗದ ಕೈಯನ್ನು ಎತ್ತರದ ಗೂಟಕ್ಕೆ ತಗುಲಿಸಬೇಕು. ಕಣ್ಣುಮುಚ್ಚಾಲೆಯಾಡುವ ಮಕ್ಕಳಿಗೆ ಕಾರು ಅಡಗುದಾಣವಾಗಬಾರದು.

ಇವೆಲ್ಲವನ್ನೂ ಬಲ್ಲವರೂ ಬಾಯಿಬಿಟ್ಟು ಹೇಳಲು ಹಿಂಜರಿಯುತ್ತಾರೆ. ಮಾವನವರಿಗೆ ಬೆಲ್ಟು ಕಟ್ಟಿಕೊಳ್ಳಿರೆಂದು ಸೊಸೆ ಹೇಳುವುದೆಂತು? ಹೊಸ ಅಳಿಯನಿಗೆ ನಿಧಾನಿಸಿರೆಂದು ಅತ್ತೆ ಹೇಳುವುದೆಂತು? ಈ ಸಂಕೋಚದಲ್ಲಿಯೇ ಎಷ್ಟೋ ಮನೆಗಳ ದೀಪ ಆರಿದೆ. ಇದಕ್ಕೆ ನಾವು ಸೂಚಿಸುವ ಉಪಾಯ ಸರಳವಾದುದು: ಆ ಮಾತಿನ ಅಧಿಕಾರವನ್ನು ಮನೆಯ ಅತಿ ಕಿರಿಯರಿಗೆ ಕೊಡಿರಿ. “ಎಲ್ಲರೂ ಕಟ್ಟಿಕೊಂಡಿರಾ?” ಎಂದು ಮಗು ಕೇಳಿ, ಎಲ್ಲರೂ ಹೌದೆಂದ ಮೇಲೆಯೇ ಬಂಡಿ ಅಲುಗಲಿ. ಮೊಮ್ಮಗಳ ಮಾತಿಗೆ ಯಾವ ಅಜ್ಜನೂ ಮುನಿಯಲಾರನು. ಹಾಗೆ ಕೇಳುತ್ತ ಬೆಳೆದ ಮಗು ನಾಳೆ ತಾನೇ ಬಂಡಿ ನಡೆಸುವಾಗ ಅದನ್ನು ಮರೆಯಲಾರದು. ಮುಂದಿನ ಪ್ರಯಾಣದಲ್ಲಿ ವಾಚಕರು ಇದನ್ನು ಆಚರಣೆಗೆ ತರಬೇಕೆಂದು ಕೋರುತ್ತೇವೆ.