ಹೆಸರು ಬದಲಾದ ಆವೃತ್ತಿ

ಗ್ರಂಥವೊಂದು ಮರುಮುದ್ರಣಗೊಂಡಾಗ ಹೊಸದಾಗಿ ಏನು ಸೇರಿದೆಯೆಂದು ನೋಡುವುದು ನಮ್ಮ ವಾಡಿಕೆ. ಒಳಗಿನದು ಬಹುಮಟ್ಟಿಗೆ ಹಾಗೆಯೇ ಇದ್ದು, ಮುಖಪುಟದ ಹೆಸರು ಮಾತ್ರ ಬದಲಾಗಿದ್ದರೆ ಅದನ್ನು ಹೊಸ ಆವೃತ್ತಿಯೆನ್ನಬಹುದೆ? 2021ರ ಜನವರಿಯಲ್ಲಿ ಹೊರಬಂದ ಟ್ರಿನೋ ತಂತ್ರಾಂಶದ 351ನೆಯ ಆವೃತ್ತಿಯನ್ನು ನೆನೆದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. 350ರವರೆಗೆ ಅದರ ಹೆಸರು ಪ್ರೆಸ್ಟೋ ಎಸ್‌ಕ್ಯೂಎಲ್.

ಈ ತಂತ್ರಾಂಶದ ಕೆಲಸವನ್ನು ಎರಡು ಮಾತಿನಲ್ಲಿ ಹೇಳಬಹುದು. ದೊಡ್ಡ ಸಂಸ್ಥೆಯೊಂದರ ದತ್ತಾಂಶ ಒಂದೇ ಕಡೆ ಇರುವುದಿಲ್ಲ. ಕೆಲವು ಮೈಎಸ್‌ಕ್ಯೂಎಲ್‌ನಲ್ಲಿ, ಕೆಲವು ಪೋಸ್ಟ್‌ಗ್ರೆಸ್‌ನಲ್ಲಿ, ಮಿಕ್ಕದ್ದು ಹಡೂಪಿನ ಉಗ್ರಾಣದಲ್ಲಿ. ಅದನ್ನೆಲ್ಲ ಮೊದಲು ಒಂದೆಡೆಗೆ ಹೊತ್ತು ತಂದು ರಾಶಿಹಾಕದೆ, ಇದ್ದಲ್ಲಿಯೇ ಇರಗೊಟ್ಟು, ಒಂದೇ ಪ್ರಶ್ನೆಗೆ ಎಲ್ಲ ಕಡೆಯಿಂದಲೂ ಉತ್ತರವನ್ನು ಕೂಡಿಸಿಕೊಡುವುದು ಇದರ ಧರ್ಮ. ತನಗೆಂದು ಒಂದು ಕಾಳನ್ನೂ ಕೂಡಿಡದ ಪರಿಚಾರಕ ಇದು.

2012ರಲ್ಲಿ ಫೇಸ್‌ಬುಕ್ ಸಂಸ್ಥೆಯೊಳಗೆ ಹುಟ್ಟಿದ ಪ್ರೆಸ್ಟೋ, 2013ರಲ್ಲಿ ಮುಕ್ತ ಪರವಾನಗಿಯೊಡನೆ ಲೋಕದ ಸ್ವತ್ತಾಯಿತು. ಅದರ ಕರ್ತೃಗಳಾದ ಮಾರ್ಟಿನ್ ಟ್ರಾವರ್ಸೋ, ಡೇನ್ ಸಂಡ್‌ಸ್ಟ್ರಾಮ್, ಡೇವಿಡ್ ಫಿಲಿಪ್ಸ್ 2018ರಲ್ಲಿ ಸಂಸ್ಥೆಯನ್ನು ತೊರೆದು, ಪ್ರತ್ಯೇಕವಾಗಿ ಅದನ್ನು ಬೆಳೆಸತೊಡಗಿದರು. ಮೂಲಸಂಕೇತವನ್ನು ಕೊಂಡೊಯ್ಯಲು ಪರವಾನಗಿಯ ತಡೆಯಿರಲಿಲ್ಲ. ಹೆಸರಿನ ಮಾತು ಬೇರೆ. ಅದರ ವಾಣಿಜ್ಯಮುದ್ರೆಯ ಹಕ್ಕು ಅವರ ಕೈಯಲ್ಲಿರಲಿಲ್ಲ. 2020ರ ಡಿಸೆಂಬರಿನಲ್ಲಿ ಅವರು ಹಳೆಯ ಹೆಸರನ್ನು ಬಿಟ್ಟುಕೊಟ್ಟರು.

ಹೆಸರು ಹೋದರೇನು, ವಸ್ತು ಉಳಿಯಿತಲ್ಲ ಎಂದು ಕೆಲವರು ಸಮಾಧಾನ ಹೇಳಬಹುದು. ನಾನು ಒಪ್ಪಲಾರೆ. ಹಳೆಯ ಹೆಸರಿನಿಂದ ಕರೆಯುತ್ತಿದ್ದ ಉಪಕರಣಗಳಿಗೆಲ್ಲ ಹೊಸ ಹೆಸರನ್ನು ಕಲಿಸಬೇಕಾಯಿತು. ಅಷ್ಟರವರೆಗೆ, ಹಳೆಯ ಹೆಸರಿಗೂ ಓಗೊಡುವಂತೆ ಒಂದು ಏರ್ಪಾಡನ್ನು ಅವರು ಮಾಡಿಕೊಡಬೇಕಾಯಿತು. ಇದಕ್ಕೂ ಹೆಚ್ಚಿನದು, ವರ್ಷಗಳ ದುಡಿಮೆಯಿಂದ ಜನರಲ್ಲಿ ಮೂಡಿದ ವಿಶ್ವಾಸ. ಅದು ನೆಲಸುವುದು ಹೆಸರಿನಲ್ಲಿಯೇ. ಪರವಾನಗಿಯ ಔದಾರ್ಯ ಅಲ್ಲಿಯವರೆಗೆ ಚಾಚಲಿಲ್ಲ.

ಮುಕ್ತ ತಂತ್ರಾಂಶಕ್ಕೆ ತಮ್ಮ ಶ್ರಮವನ್ನು ಧಾರೆಯೆರೆಯಲು ಉತ್ಸುಕರಾದ ವಿದ್ಯಾರ್ಥಿಗಳು ಇಂದು ಅನೇಕರಿದ್ದಾರೆ. ಸಂಕೇತ ಯಾರದೆಂದು ಅವರು ವಿಚಾರಿಸುತ್ತಾರೆ; ಹೆಸರು ಯಾರದೆಂದೂ ವಿಚಾರಿಸಲಿ. ಎರಡನೆಯದಕ್ಕೆ ಸಮರ್ಪಕವಾದ ಉತ್ತರ ದೊರೆಯದಿದ್ದಲ್ಲಿ, ಮುಕ್ತವೆಂಬ ಮಾತು ಅರ್ಧ ಸತ್ಯವೆಂದೇ ತಿಳಿಯಬೇಕು.

ಆದರೂ ಒಂದು ಸಂಗತಿ ನನಗೆ ಸಂತೋಷ ಕೊಟ್ಟಿದೆ. ಹೆಸರು ಬದಲಾದರೂ ಅವರು ಎಣಿಕೆಯನ್ನು ಒಂದರಿಂದ ತೊಡಗಲಿಲ್ಲ. 350ರ ಮುಂದೆ 351 ಎಂದೇ ಬರೆದರು. ಮಾಡಿದ ಕೆಲಸದ ಲೆಕ್ಕವನ್ನು ಯಾವ ವಾಣಿಜ್ಯಮುದ್ರೆಯೂ ಅವರಿಂದ ಕಸಿಯಲಿಲ್ಲ.