ಗಗನದಿಂದ ಹೆಪ್ಪುಗಟ್ಟಿದ ಕಡಲಿನ ಪರೀಕ್ಷೆ

ಉತ್ತರಧ್ರುವದ ಸಮುದ್ರವು ಶೀತಕಾಲದಲ್ಲಿ ಹೆಪ್ಪುಗಟ್ಟುವುದೆಂಬುದನ್ನು ವಾಚಕರು ಬಲ್ಲರಷ್ಟೆ. ಆದರೆ ಆ ಹೆಪ್ಪು ಹಾಲಿನ ಮೇಲಣ ಕೆನೆಯಂತೆ ಒಂದೇ ಪದರವಾಗಿ ನಿಲ್ಲತಕ್ಕದ್ದಲ್ಲ. ಗಾಳಿಗೂ ಪ್ರವಾಹಕ್ಕೂ ಸಿಕ್ಕಿ ಒಡೆಯುತ್ತದೆ, ಒಂದರ ಮೇಲೊಂದು ಏರುತ್ತದೆ, ನಡುನಡುವೆ ಬಿರುಕುಬಿಟ್ಟು ಕರಿಯ ನೀರನ್ನು ತೋರಿಸುತ್ತದೆ. ದಾರಿಯೆಂದು ನಂಬಿ ನುಗ್ಗಿದ ಬಿರುಕು ಮುಚ್ಚಿಕೊಂಡಿತೆಂದರೆ ಹಡಗು ತಿಂಗಳುಗಟ್ಟಲೆ ಸೆರೆಯಾಗುವುದು. ಒಮ್ಮೊಮ್ಮೆ ನುಚ್ಚುನೂರಾಗುವುದೂ ಉಂಟು.

1914ರಲ್ಲಿ ನಾಗುರ್ಸ್ಕಿಯೆಂಬ ಪೋಲಿಷ್ ವೈಮಾನಿಕನು, ರಷ್ಯದ ಸೆದೋವನ ತಂಡವನ್ನು ಹುಡುಕುತ್ತ ನೋವಾಯ ಜೆಮ್ಲ್ಯ ದ್ವೀಪದ ಬಳಿ ಹಾರಿದನು. ಉತ್ತರಧ್ರುವ ಪ್ರದೇಶದಲ್ಲಿ ವಿಮಾನವು ಹಾರಿದುದು ಅದೇ ಮೊದಲು. ಸೆದೋವನು ಕೆಲವು ತಿಂಗಳ ಹಿಂದೆಯೇ ತೀರಿಹೋಗಿದ್ದನು, ಪಾಪ! 1924ರಲ್ಲಿ ಚುಖ್ನೋವ್ಸ್ಕಿಯು ಮಂಜುಗಡ್ಡೆಯನ್ನು ಪರೀಕ್ಷಿಸಲೆಂದೇ ಹಾರಿದನು. ವೀಕ್ಷಕನು ಕಿಟಕಿಯ ಬಳಿ ಕುಳಿತು ಬಣ್ಣದಿಂದಲೇ ನಿರ್ಣಯಿಸಬೇಕು: ಎಳೆಯ ತೆಳುಗಡ್ಡೆ ಕಪ್ಪು, ಬಲಿತದ್ದು ಬೂದು, ಮತ್ತೂ ಬಲಿತದ್ದು ಬಿಳಿ. ಹೀಗೆ ಬರೆದ ನಕ್ಷೆಯನ್ನು ಕೆಳಗಿನ ಹಡಗಿಗೆ ಎಸೆಯುವ ರೂಢಿಯೂ ಇತ್ತು. ನಮ್ಮ ಅಮರಸಿಂಹನು ಹಿಮರಾಶಿಗೆ ‘ಹಿಮಾನೀ’ ಎಂದು ಹೇಳಿ ಮುಂದುವರಿದನು. ಆ ಕಿಟಕಿಯ ಬಳಿ ಕುಳಿತಿದ್ದರೆ ಒಂದು ವರ್ಗವನ್ನೇ ಬರೆಯುತ್ತಿದ್ದನೇನೋ.

ಈಗ ಕೃತಕ ಉಪಗ್ರಹಗಳು ಕತ್ತಲೆಯಲ್ಲಿಯೂ ಮೋಡದ ಮೇಲಿನಿಂದಲೂ ಮಂಜುಗಡ್ಡೆಯ ಹರವನ್ನು ಅಳೆಯುತ್ತವೆಯಲ್ಲ, ವಿಮಾನವೇಕೆಂದು ಕೇಳಬಹುದು. ಹರವು ಬೇರೆ, ದಪ್ಪ ಬೇರೆ. 2012ರ ಸೆಪ್ಟೆಂಬರಿನಲ್ಲಿ ಹರವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. ಉಳಿದ ಗಡ್ಡೆಯು ಮುಂದಿನ ಬೇಸಗೆಯನ್ನು ತಾಳುವುದೋ ಇಲ್ಲವೋ ಎಂಬುದು ಅದರ ದಪ್ಪವನ್ನು ಅವಲಂಬಿಸಿದೆ.

ದಪ್ಪವನ್ನು ಅಳೆಯಲು ಹೊರಟ ಅಮೆರಿಕದ ನಾಸಾ ಸಂಸ್ಥೆಯ ವಿಮಾನಗಳು 2009ರಿಂದ 2019ರ ವರೆಗೆ ‘ಐಸ್‌ಬ್ರಿಜ್’ ಎಂಬ ಹೆಸರಿನ ಕಾರ್ಯದಲ್ಲಿ ಸುಮಾರು 1,500 ಅಡಿ ಎತ್ತರದಲ್ಲಿ ಹಾರಿದವು. ಲೇಸರ್ ಕಿರಣವು ಗಡ್ಡೆಯ ಮೇಲ್ಮೈಯನ್ನೂ ಬಿರುಕಿನೊಳಗಣ ನೀರಿನ ಮಟ್ಟವನ್ನೂ ಮುಟ್ಟಿ ಮರಳಿದರೆ, ನೀರಿನ ಮೇಲೆ ಎಷ್ಟು ಎತ್ತರವಿದೆಯೆಂಬುದು ತಿಳಿಯುತ್ತದೆ. ತೇಲುವ ಗಡ್ಡೆಯ ಬಹುಭಾಗವು ಮುಳುಗಿಯೇ ಇರುವುದರಿಂದ, ಮೇಲಿನದರಿಂದ ಕೆಳಗಿನದನ್ನು ಗಣಿಸಬಹುದು.

ತೊಡಕಿರುವುದು ಇಲ್ಲಿಯೇ. ಗಡ್ಡೆಯ ಮೇಲೆ ಪುಡಿಹಿಮ ಬಿದ್ದಿರುತ್ತದೆ. ನೀರಿನ ಮೇಲೆ ಅರ್ಧ ಮೀಟರು ಕಂಡಿತೆನ್ನೋಣ. ಅದೆಲ್ಲವನ್ನೂ ಗಟ್ಟಿ ಮಂಜೆಂದು ಎಣಿಸಿದರೆ ದಪ್ಪವು ನಾಲ್ಕೂವರೆ ಮೀಟರಿಗೆ ಮೀರುವುದು. ಅದರಲ್ಲಿ 30 ಸೆಂಟಿಮೀಟರು ಪುಡಿಹಿಮವೆಂದು ತಿಳಿದರೆ ಮೂರು ಮೀಟರಿಗಿಂತ ಕಡಮೆ! ಆದಕಾರಣವೇ ವಿಮಾನದಲ್ಲಿ ಪುಡಿಹಿಮದ ಆಳವನ್ನು ಅಳೆಯಲು ಬೇರೊಂದು ರೇಡಾರ್ ಇದ್ದಿತು. 2018ರಲ್ಲಿ ಮೇಲೇರಿದ ಉಪಗ್ರಹದ ಲೇಸರ್ ಆದರೋ ಪುಡಿಹಿಮದ ನೆತ್ತಿಯನ್ನು ಮಾತ್ರ ಮುಟ್ಟಬಲ್ಲುದು; ಅದರ ಆಳವನ್ನು ಬೇರೆ ಕಡೆಯಿಂದ ತಿಳಿದುಕೊಳ್ಳಬೇಕು.