ಟಿಕ್ ಹಾಕಿದ್ರ ಆಡಿಟ್ ಆತೇನು?

ವೋಚರ್ ನೋಡಿದ್ರ ಸಾಲಂಗಿಲ್ಲ, ಗೋಡೌನಿಗೆ ಹೋಗಿ ಸ್ಟಾಕ್ ಎಣಸಬೇಕು ಅಂತ ಆಡಿಟಿಂಗ್ ಕ್ಲಾಸಿನ್ಯಾಗ ಓದೇವಲ್ಲ, ಆಸ್ಪತ್ರೆಗೂ ಅದ ಲೆಕ್ಕ. ಸರ್ಕಾರಿ ಆಸ್ಪತ್ರೆಗಳಿಗೆ 2013ರಿಂದ ಎನ್‌ಕ್ಯೂಎಎಸ್ ಅನ್ನೂ ಗುಣಮಟ್ಟದ ಪರೀಕ್ಷೆ ಐತಿ. ಪಾಸಾಗಾಕ ಒಟ್ಟು 70% ಬೇಕು (ನಮ್ಮ ಸೆಮಿಸ್ಟರ್ ಬಾಳ ಸಸಾರ ಬಿಡ್ರಿ). ಆದ್ರ ಹೊರಗಿನವರು ಬರೂ ದಿನ ಮೊದಲ ಗೊತ್ತಿರತೈತಿ. ಉಳಿದ ದಿನ ಕಾಯಬೇಕಾದದ್ದು ಒಳಗಿನ ಕ್ವಾಲಿಟಿ ಟೀಮ್.

2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದ ಒಬ್ಬರು ತೀರಿಕೊಂಡ್ರು. ಅನುಮಾನ ಬಂದದ್ದು ಏರಿಸಿದ ಸಲೈನ್ ಬಾಟಲಿ ಮ್ಯಾಲ. ಅದಕ್ಕ ನಾನಾದ್ರ ಕ್ವಾಲಿಟಿ ಟೀಮಿಗೆ ಫೈಲ್ ನೋಡಿ ಮಾರ್ಕ್ಸ್ ಕೊಡಂಗಿಲ್ಲ. ಮೊದಲನೇ ಪೇಷಂಟಿಗೆ ತ್ರಾಸ ಆದಾಗ ಯಾರು ಬರದಿಟ್ರು, ಆ ಬ್ಯಾಚಿನ ಬಾಟಲಿ ಎಷ್ಟು ತಾಸಿನ್ಯಾಗ ವಾರ್ಡಿನಿಂದ ಹೊರಗ ಹೋತು, ಅದನ್ನ ನೋಡ್ತೀನಿ. ಬರದ ನರ್ಸಿಗೇ ನೋಟಿಸ್ ಕೊಟ್ರ ಮುಂದ ಯಾರೂ ಬರಿಯಂಗಿಲ್ಲ.

ಗೋಕಾಕದಾಗ ಯಾವ ಆಸ್ಪತ್ರೆಗೆ ಹೋದ್ರೂ ಒಂದ್ ಮಾತು ಕೇಳಿ ಬರ್ರಿ: ದೂರಿನ ಡಬ್ಬಿ ಕೀಲಿ ಯಾರ ಕಡೆ ಐತಿ?